ಉಜ್ಜಿಹೋದ ಹೆಸರು

ಆ ಬಾಗಿಲು ಸ್ವಲ್ಪ ಮುಂದೆ ಮಾಡಿ. ಇದು ಅವರಿವರ ಬಾಯಲ್ಲಿ ಕೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು.

ಭಾನುವಾರ ರಾತ್ರಿ, ಹನ್ನೊಂದೂ ಮುಕ್ಕಾಲು. ಅಣ್ಣ ಮ್ಯೂಸಿಯಂನಿಂದ ಮನೆಗೆ ನಡೆದು ಹೊರಟಿದ್ದ. ಕೊನೆಯ ಬಸ್ಸು ಹೋಗಿಯಾಗಿತ್ತು. ದಾರಿಯಲ್ಲಿ ಒಂದು ಹಾಳುಬಾವಿ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಪಕ್ಕದಲ್ಲೇ ಆಲದ ಮರ. ಅಲ್ಲಿಂದ ಮನೆಗೆ ಆರುನೂರ ನಲವತ್ತು ಹೆಜ್ಜೆ. ಅವನು ಎಣಿಸಿದ್ದಾನೆ. ಎಲ್ಲವನ್ನೂ ಎಣಿಸುವ ಆಸಾಮಿ ಅವನು.

ಬಾವಿ ಹತ್ತಿರ ಬಂದಾಗ ಹಿಂದೆ ಸದ್ದು. ಟಪ್... ಟಪ್... ಟಪ್...

ಚಪ್ಪಲಿಯದಲ್ಲ. ಬರಿಗಾಲಿನದು. ನಡಿಗೆಯೂ ಅಲ್ಲ. ಯಾರೋ ಓಡಿಬರುತ್ತಿದ್ದರು.

ತಾಳಿ. ಅಷ್ಟು ಹೊತ್ತಿಗೆ ಅವನು ಅಲ್ಲಿ ಯಾಕಿದ್ದ ಎನ್ನುವುದನ್ನು ಮೊದಲು ಹೇಳಬೇಕು. ಇಲ್ಲದಿದ್ದರೆ ಮುಂದಿನದಕ್ಕೆ ತಲೆಬುಡ ಇರುವುದಿಲ್ಲ.

ಅಣ್ಣನ ಕೆಲಸ ಪದಕ ಓದುವುದು. ಶೌರ್ಯದ ಪದಕಗಳಲ್ಲ. ಯುದ್ಧದ ಕಾಲದಲ್ಲಿ ಸೈನಿಕರು ಶಿಬಿರಗಳಲ್ಲಿ ಆಡಿ ಗೆದ್ದ ಪದಕಗಳು. ಹಗ್ಗಜಗ್ಗಾಟ, ಕುಸ್ತಿ, ಓಟ. ಮುಂದೆ ಆಟದ ಚಿತ್ರ, ಹಿಂದೆ ಹೆಸರು ಮತ್ತು ತಾರೀಕು. ಆ ಹೆಸರಿನವನು ಯಾರು, ಯಾವ ದಳದವನು, ಬದುಕಿ ಬಂದನೋ ಇಲ್ಲವೋ... ಹಳೇ ಕಡತಗಳಲ್ಲಿ ಹುಡುಕಿ ಬರೆಯಬೇಕು. ಒಟ್ಟು ಇನ್ನೂರ ಹನ್ನೆರಡು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪ್ರದರ್ಶನದ ಫಲಕಗಳು ಮುದ್ರಣಕ್ಕೆ ಹೋಗಬೇಕಿತ್ತು. ಮೂರು ವಾರದಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ರೆಪ್ಪೆಯ ಒಳಗೂ ತಾರೀಕುಗಳೇ.

ಅದರಲ್ಲಿ ಒಂದು ಬೆಳ್ಳಿಯದು. ಒಬ್ಬ ಅಜ್ಜಿ ತಂದುಕೊಟ್ಟದ್ದು.

ಅಜ್ಜಿಯ ಅಪ್ಪ ಸೇನೆಯಲ್ಲಿ ಕಮ್ಮಾರ. ಅವಳು ಹುಟ್ಟುವ ಮೊದಲೇ ಯುದ್ಧಕ್ಕೆ ಹೋದವನು ಹಿಂದೆ ಬರಲಿಲ್ಲ. ಕಡತದಲ್ಲಿ ಅವನ ಬಗ್ಗೆ ಒಂದೇ ಸಾಲು: 'ಮೂರನೇ ತಾರೀಕು, ದಳ ಬಿಟ್ಟು ಓಡಿಹೋಗಿದ್ದಾನೆ.' ಅದೇ ತಿಂಗಳ ಹತ್ತನೇ ತಾರೀಕು ರಾತ್ರಿ ಶಿಬಿರದ ಮೇಲೆ ಬಾಂಬು ಬಿತ್ತು. ಸತ್ತವರ ಪಟ್ಟಿಯಲ್ಲಿ ಅವನಿಲ್ಲ. ಓಡಿಹೋದವನನ್ನು ಯಾರು ಹುಡುಕುತ್ತಾರೆ?

"ಶಾಲೇಲಿ ನನ್ನ ಹೆಸರು ಯಾರೂ ಕರೀತಿರ್ಲಿಲ್ಲ ಮಗಾ. ಹೇಡಿ ಮಗಳು ಅಂತಿದ್ರು," ಎಂದಿದ್ದಳು ಅಜ್ಜಿ. "ಈಗ ನಂಗೆ ಎಂಬತ್ತೆರಡು. ಅಂದೋರೆಲ್ಲ ಸತ್ರು. ಮಾತು ಸಾಯ್ಲಿಲ್ಲ ನೋಡು."

ಯುದ್ಧ ಮುಗಿದ ಮೇಲೆ ಜೊತೆಗಾರನೊಬ್ಬ ಬಂದು ಆ ಪದಕವನ್ನು ಅವಳ ತಾಯಿಯ ಕೈಯಲ್ಲಿಟ್ಟು ಹೋಗಿದ್ದ. ನಾಲ್ಕು ಜನರ ರಿಲೇ ಓಟ. ತಾರೀಕು ಅದೇ ತಿಂಗಳ ಒಂಬತ್ತು. ಅಂದರೆ, ಮೂರಕ್ಕೆ ಪರಾರಿಯಾದನೆಂದು ಕಡತ ಹೇಳುವವನು ಒಂಬತ್ತಕ್ಕೆ ಶಿಬಿರದಲ್ಲೇ ಓಡಿ ಗೆದ್ದಿದ್ದ. ಉಳಿದ ಮೂವರ ಪದಕಗಳು ಮ್ಯೂಸಿಯಂನಲ್ಲಿದ್ದವು. ನಾಲ್ಕನೆಯವನ ಹೆಸರು ಬೇರೆ ಯಾವ ಕಾಗದದಲ್ಲೂ ಇರಲಿಲ್ಲ. ಆ ಬೆಳ್ಳಿಯ ಬೆನ್ನೊಂದೇ ಸಾಕ್ಷಿ.

"ನಾನು ಕಣ್ಮುಚ್ಚೋದ್ರೊಳಗೆ ಗೋಡೆ ಮೇಲೆ ನಮ್ಮಪ್ಪನ ಹೆಸರು ಬರುತ್ತಾ?"

"ಬರುತ್ತೆ ಅಜ್ಜಿ. ಅದು ನನ್ನ ಜವಾಬ್ದಾರಿ."

ಈ ಕೆಲಸದಲ್ಲಿ ಎರಡು ನಿಯಮ. ಮೊದಲು ಫೋಟೊ, ಆಮೇಲೆ ಕೈ. ಹಳೇ ಬೆಳ್ಳಿಯನ್ನು ಉಜ್ಜಲೇಬಾರದು. ಆ ಪದಕವನ್ನಂತೂ ಅಜ್ಜಿಯ ತಾಯಿ ನಲವತ್ತು ವರ್ಷ ದಿನಾ ಒರೆಸಿ, ಅಕ್ಷರಗಳು ಸವೆದು ಹೋಗಿದ್ದವು. ದೀಪವನ್ನು ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿದ್ದವು. ಹಾಗೆ ಹಿಡಿದು ಓದಿದವನು ಅಣ್ಣನೊಬ್ಬನೇ, ಅದರ ಫೋಟೊ ಇನ್ನೂ ತೆಗೆದಿರಲಿಲ್ಲ. ಒಬ್ಬನ ಬಾಯಿಮಾತು ದಾಖಲೆಯಾಗುವುದಿಲ್ಲ.

ಭಾನುವಾರ ರಾತ್ರಿ ಒಂಬತ್ತಕ್ಕೆ ಅದನ್ನು ತೂಕ ಮಾಡಿದ. 18.6 ಗ್ರಾಂ. ಬರೆದುಕೊಂಡ. ಮುಂಬದಿ ಕಪ್ಪುಗಟ್ಟಿತ್ತು. ಫೋಟೊದಲ್ಲಿ ಮಸಿಯ ಬಿಲ್ಲೆಯಂತೆ ಬರುತ್ತಿತ್ತು. ಸ್ವಲ್ಪ, ಮುಂದೆ ಮಾತ್ರ ಎಂದುಕೊಂಡು ಪಾಲಿಶ್ ಹಚ್ಚಿದ. ಬಟ್ಟೆಯಿಂದ ಉಜ್ಜಿದ. ಸರ್... ಸರ್... ಸರ್... ಆ ಸದ್ದಿಗೇ ಕಣ್ಣು ಎಳೆದುಕೊಂಡು ಹೋಯಿತು. ಕೈ ನಿಲ್ಲಲಿಲ್ಲ.

ಎಚ್ಚರವಾದಾಗ ಹತ್ತೂವರೆ. ಪದಕ ಬೆರಳಲ್ಲೇ ಮಗುಚಿಕೊಂಡಿತ್ತು. ಬೆನ್ನು ಮೇಲೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ದೀಪ ಓರೆ ಹಿಡಿದ. ಈ ಕಡೆಯಿಂದ... ಆ ಕಡೆಯಿಂದ... ಏನಿಲ್ಲ. ಭೂತಗನ್ನಡಿ ಇಟ್ಟ. ಏನಿಲ್ಲ. ತೂಕ ಮಾಡಿದ. 18.5.

ಒಂದು ಗ್ರಾಮಿನ ಹತ್ತನೇ ಒಂದು ಪಾಲು. ಆ ಮನುಷ್ಯ ಭೂಮಿಯ ಮೇಲೆ ಉಳಿದಿದ್ದದ್ದೇ ಅಷ್ಟು.

ಒಂದು ಗಂಟೆ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ರಿಜಿಸ್ಟರಿನಲ್ಲಿ ಬರೆದ: 'ಹಿಂಬದಿ ಬರಹ ಇಲ್ಲ.' ಫಲಕದ ಕರಡಿನಲ್ಲಿ ಬರೆದ: 'ನಾಲ್ಕನೇ ಓಟಗಾರ, ತಿಳಿದಿಲ್ಲ.' ಅಜ್ಜಿಗೆ ಕಣ್ಣು ಮಂಜು. ಮೊದಲೇ ಸವೆದುಹೋಗಿತ್ತು ಎಂದರೆ ನಂಬುತ್ತಾಳೆ.

ಗೇಟಿನಲ್ಲಿ ಕಾವಲುಗಾರ ಟಾರ್ಚು ಹಾಕಿದ. "ಏನ್ ಸಾರ್, ಈ ಮುಖಕ್ಕೆ ನಿಮ್ಮನ್ನೇ ಗಾಜಿನ ಪೆಟ್ಟಿಗೇಲಿ ಇಡಬಹುದು."

"ಬೀಗ ಹಾಕ್ಕೊಳಯ್ಯಾ ಸುಮ್ನೆ."

"ಬಾವಿ ದಾರೀಲಿ ಹೋಗ್ಬೇಡಿ. ಸುತ್ಕೊಂಡ್ ಹೋಗಿ."

"ಯಾಕೆ, ದೆವ್ವ ಇದೆಯಾ?"

"ದೆವ್ವ ಎಲ್ಲಿಂದ ಬರ್ಬೇಕು ಸಾರ್? ನಾಯಿ ಇದೆ."

ಸುತ್ತಿಕೊಂಡು ಹೋಗಲು ಕಾಲಿನಲ್ಲಿ ತ್ರಾಣ ಇರಲಿಲ್ಲ. ಬಾವಿಯ ದಾರಿಯನ್ನೇ ಹಿಡಿದ. ನಾಯಿ ಅಲ್ಲೇ ಮಲಗಿತ್ತು. ಅವನನ್ನು ನೋಡಿತು. ಅವನ ಹಿಂದೆ ನೋಡಿತು. ಎದ್ದು, ಬೊಗಳದೆ, ಹೊರಟುಹೋಯಿತು.

ಆಗಲೇ ಆ ಸದ್ದು. ಟಪ್... ಟಪ್... ಟಪ್...

ಅಣ್ಣ ನಿಂತ. ಸದ್ದು ನಿಲ್ಲಲಿಲ್ಲ. ಆದರೆ ಹತ್ತಿರವೂ ಬರಲಿಲ್ಲ. ಇದ್ದಲ್ಲೇ ಓಡುವ ಹಾಗೆ. ಅವನು ಹೆಜ್ಜೆ ಹಾಕಿದ. ಈಗ ಹತ್ತಿರ ಬಂತು. ನಿಂತರೆ ಅಷ್ಟೇ ದೂರ. ಮುಂದೆ ಹೋದರೆ ಹತ್ತಿರ. ಬಾವಿಯ ಜಾಲರಿ ಒಮ್ಮೆ ಕಿಣ್... ಎಂದಿತು. ಉಸಿರು ಕೇಳಿಸಿತು. ಹುಸ್... ಹುಸ್... ಕುಲುಮೆಯ ಇದ್ದಿಲಿನ ವಾಸನೆ ಬಂತು.

ಕಿವಿಯ ಹಿಂದೆ ಒಂದು ಪಿಸುದನಿ. "ಕೈ."

"ಯಾರು...?"

"ಕೈ ಕೊಡು."

ಅಣ್ಣ ಶಾಲೆಯಲ್ಲಿ ರಿಲೇ ಓಡಿದವನು. ಹಿಂದಿನವನು 'ಕೈ' ಎಂದರೆ ತಿರುಗಿ ನೋಡುವ ಹಾಗಿಲ್ಲ. ಮುಂದೆ ಸಾಗುತ್ತಲೇ ಅಂಗೈ ಬಿಚ್ಚಿ ಹಿಂದಕ್ಕೆ ಚಾಚಬೇಕು. ನಮ್ಮಜ್ಜಿಯೂ ಅರ್ಧ ಅದನ್ನೇ ಹೇಳುತ್ತಿದ್ದಳು: ರಾತ್ರಿ ಹಿಂದಿನಿಂದ ಕರೆದರೆ ತಿರುಗಬೇಡ. ಕೈ ಚಾಚು ಎಂದು ಮಾತ್ರ ಹೇಳಿರಲಿಲ್ಲ.

"ಹೆದರಿಕೆ ಆಗೋಕೂ ಶಕ್ತಿ ಬೇಕು ಕಣೋ," ಎಂದು ಆಮೇಲೆ ನನಗೆ ಹೇಳಿದ. "ಅದೂ ಇರ್ಲಿಲ್ಲ. ಏನಾದ್ರೂ ಆಗ್ಲಿ ಅಂತ ಕೈ ಹಿಂದೆ ಇಟ್ಟೆ."

ಅಂಗೈಗೆ ಏನೋ ಬಂದು ಕೂತಿತು. ಹಾಕಿದ ಹಾಗಲ್ಲ. ಒತ್ತಿದ ಹಾಗೆ. ಬೆರಳುದ್ದದ್ದು. ಬೆಚ್ಚಗಿತ್ತು.

"ಗೀಚಿದ್ದಲ್ಲ..." ಎಂದಿತು ದನಿ. "ಹೊಡೆದದ್ದು."

ಹೆಜ್ಜೆಸದ್ದು ನಿಧಾನವಾಯಿತು. ನಿಂತಿತು. ಓಟ ಮುಗಿಸಿದವನು ನಿಲ್ಲುವ ಹಾಗೆ.

ಆರುನೂರ ನಲವತ್ತು ಹೆಜ್ಜೆ. ಅವನು ತಿರುಗಿ ನೋಡಲಿಲ್ಲ.

ಮನೆಯ ದೀಪದಲ್ಲಿ ಮುಷ್ಟಿ ಬಿಚ್ಚಿದ. ಉಕ್ಕಿನ ಅಚ್ಚು. ಲೋಹದ ಮೇಲಿಟ್ಟು ಸುತ್ತಿಗೆಯಿಂದ ಹೊಡೆದರೆ ಅಕ್ಷರ ಮೂಡುತ್ತದಲ್ಲ, ಅದು. ತುದಿಯಲ್ಲಿ ಒಂದೇ ಅಕ್ಷರ, ತಿರುವುಮುರುವಾಗಿ. ಅಕ್ಷರದ ಒಂದು ಮೂಲೆ ಚೂರು ಮುರಿದಿತ್ತು.

ಗೀಚಿದ ಅಕ್ಷರ ಉಜ್ಜಿದರೆ ಹೋಯಿತು, ಅಷ್ಟೇ. ಹೊಡೆದ ಅಕ್ಷರ ಹಾಗಲ್ಲ. ಏಟಿಗೆ ಅದರ ಕೆಳಗಿನ ಲೋಹವೂ ಬಿಗಿಯುತ್ತದೆ. ಮೇಲ್ಮೈ ಸವೆದರೂ ಅಡಿಯಲ್ಲಿ ಆ ಬಿಗಿತ ಉಳಿಯುತ್ತದೆ. ಸರಿಯಾದ ಆಸಿಡ್ ಹನಿಸಿದರೆ ಅಷ್ಟು ಜಾಗ ಬೇರೆ ಬಣ್ಣಕ್ಕೆ ತಿರುಗುತ್ತದೆ. ಬಂದೂಕಿನ ಅಳಿಸಿದ ನಂಬರನ್ನು ಪೊಲೀಸರು ಓದುವುದೂ ಹೀಗೇ. ಇದು ಅಣ್ಣನಿಗೆ ಗೊತ್ತಿದ್ದದ್ದೇ. ಆಯಾಸದಲ್ಲಿ ಹೊಳೆದಿರಲಿಲ್ಲ.

ಆದರೆ ಆಸಿಡ್ ಹಾಕಲು ಒಡೆಯರ ಒಪ್ಪಿಗೆ ಬೇಕು. ಒಪ್ಪಿಗೆ ಬೇಕೆಂದರೆ ನಿಜ ಹೇಳಬೇಕು.

ಬೆಳಿಗ್ಗೆ ಆರಕ್ಕೆ ಅಜ್ಜಿಯ ಬಾಗಿಲು ತಟ್ಟಿದ. "ಅಜ್ಜಿ... ನಿಮ್ಮಪ್ಪನ ಹೆಸರು ನಾನು ಉಜ್ಜಿಬಿಟ್ಟೆ."

ಅಜ್ಜಿ ಹೊಸ್ತಿಲ ಮೇಲೆ ಕೂತಳು.

"ಬೇಕಂತಾ?"

"ಇಲ್ಲ. ನಿದ್ದೆಗಣ್ಣಲ್ಲಿ. ಆಮೇಲೆ... ನಿಮಗೆ ಹೇಳೋದು ಬೇಡ ಅಂತಿದ್ದೆ."

"ಅದೂ ನಿದ್ದೆಗಣ್ಣಲ್ಲೇನೋ?"

"ಅಲ್ಲ ಅಜ್ಜಿ."

ಆಸಿಡ್ಡಿನ ವಿಷಯ ಹೇಳಿದ. ಪದಕಕ್ಕೆ ಕಲೆ ಬೀಳುತ್ತೆ, ಹೆಸರು ಬರಬಹುದು, ಬರದೆಯೂ ಇರಬಹುದು ಎಂದ.

"ಹೊಳೆಯೋ ಬಿಲ್ಲೆ ಕಟ್ಕೊಂಡು ನಾನೇನ್ ಮಾಡ್ಲಿ? ಹಾಕು." ಅಜ್ಜಿ ಎದ್ದು ಚಪ್ಪಲಿ ಮೆಟ್ಟಿದಳು. "ಈ ಸಲನಾದ್ರೂ ಮೊದ್ಲು ಫೋಟೊ ತೆಗಿಯೋ, ಗೂಬೆ."

ಎಂಟೂವರೆಗೆ ಮ್ಯೂಸಿಯಂನ ಮೇಡಂ ಎದುರಿಗೇ ಹನಿಸಿದ. ಒಂದು ಹನಿ. ಎರಡು. ಏಳನೆಯದಕ್ಕೆ ಒಂಬತ್ತು ಎನ್ನುವ ಅಂಕಿ ಎದ್ದಿತು, ಬೂದುಬಣ್ಣದಲ್ಲಿ. ಆಮೇಲೆ ಒಂದೊಂದೇ ಅಕ್ಷರ. ಪೂರ್ತಿ ಹೆಸರು ನಾಲ್ಕು ನಿಮಿಷ ನಿಂತಿತ್ತು. ಹನ್ನೆರಡು ಫೋಟೊ ಬಂದವು. ಆಮೇಲೆ ಮಾಸಿತು.

ಹತ್ತಕ್ಕೆ ಫಲಕ ಮುದ್ರಣಕ್ಕೆ ಹೋಯಿತು, ನಾಲ್ಕು ಹೆಸರಿನೊಂದಿಗೆ. ಪ್ರದರ್ಶನದ ದಿನ ಅಜ್ಜಿ ಅದರ ಮುಂದೆ ಕುರ್ಚಿ ಹಾಕಿಸಿಕೊಂಡು ಸಂಜೆಯವರೆಗೂ ಕೂತಿದ್ದಳು. ಕೊನೆಗೆ ಕೂತಲ್ಲೇ ನಿದ್ದೆಹೋದಳು. ಕಾವಲುಗಾರ ಎಬ್ಬಿಸಲಿಲ್ಲ.

ಆ ಅಚ್ಚು? ಉಳಿದ ಮೂರು ಪದಕಗಳಲ್ಲೂ, ನಾಲ್ಕನೆಯದರ ಫೋಟೊದಲ್ಲೂ ಅದೇ ಅಕ್ಷರ, ಅದೇ ಮೂಲೆ ಮುರಿದಿದೆ. ನಾಲ್ಕನ್ನೂ ಹೊಡೆದವನು ಕಮ್ಮಾರನೇ. ಈಗ ಅದು ರಿಜಿಸ್ಟರಿನಲ್ಲಿ ಇನ್ನೂರ ಹದಿಮೂರನೇ ವಸ್ತು. ಉದ್ದ ಅರವತ್ತೊಂದು ಮಿಲಿಮೀಟರ್. ತುಕ್ಕು ಇಲ್ಲ. ಕೊಟ್ಟವರ ಹೆಸರು ಬರೆಯದೆ ಏನನ್ನೂ ತೆಗೆದುಕೊಳ್ಳುವ ಹಾಗಿಲ್ಲ ಎಂದು ಮೇಡಂ ರೇಗಿದ್ದಕ್ಕೆ ಅಣ್ಣ ಕಮ್ಮಾರನ ಹೆಸರನ್ನೇ ಬರೆದ. ಸಹಿಯ ಜಾಗ ಖಾಲಿಯಿದೆ.

ನಂಬದಿದ್ದರೆ ಬೇಡ. ನಾನೂ ನಂಬಿರಲಿಲ್ಲ. ಹೋದ ತಿಂಗಳು ಥರ್ಮಾಮೀಟರ್ ತೆಗೆದುಕೊಂಡು ಮ್ಯೂಸಿಯಂಗೆ ಹೋಗಿ ಗಾಜಿನ ಪೆಟ್ಟಿಗೆ ತೆರೆಸಿದೆ. ಕೋಣೆ ಇಪ್ಪತ್ನಾಲ್ಕು ಡಿಗ್ರಿ. ಪೆಟ್ಟಿಗೆಯ ಒಳಗೆ ಇಪ್ಪತ್ನಾಲ್ಕು. ಪಕ್ಕದಲ್ಲಿದ್ದ ಪದಕ ಇಪ್ಪತ್ನಾಲ್ಕು.

ಅಚ್ಚು ಮೂವತ್ತೇಳು, ಜೀವವಿರುವ ಮೈಯಷ್ಟು. ಮೂರು ಸಲ ಇಟ್ಟು ನೋಡಿದೆ.