ಮೂವತ್ತೊಂದನೇ ಸಂಖ್ಯೆಯ ಕಥೆಗೆ ನಲವತ್ತು ಅಂಕ

ಶಾಲಾ ಸಮಿತಿಯ ಅಧ್ಯಕ್ಷರು ಗೌರವಕ್ಕೆ ಹತ್ತು ಅಂಕ ಎಂದರೋ, ಗೌರವವಿಲ್ಲದಿದ್ದರೆ ಉಳಿದ ನಲವತ್ತೂ ಇಲ್ಲ ಎಂದರೋ, ಆ ಮಾತು ನನಗೆ ಅರ್ಧ ಮಾತ್ರ ನೆನಪಿದೆ. ಹೇಳಿಕೆ ಅಲ್ಲಿಂದ ಶುರುವಾಗುವಂತಿಲ್ಲ, ಹೆಸರಿನಿಂದ ಶುರುವಾಗಬೇಕು ಎಂದು ಠಾಣೆಯ ಸಾರ್ಜೆಂಟ್ ಸೌನಿ ಹೇಳಿದ್ದರಿಂದ ಹೆಸರಿನಿಂದ ಶುರು ಮಾಡುತ್ತೇನೆ.

ತೆಲೇಸಿಯಾ ಮಾನುಲೆಲಿ, ವಯಸ್ಸು 52 ವರ್ಷ, ಉದ್ಯೋಗ ಶಾಲಾ ಶಿಕ್ಷಕಿ, ವಾಸ ಫಾಲೆಮಾಲು ಗ್ರಾಮ, ಸವಾಯಿ ದ್ವೀಪ, ಸಮೋವಾ, ಆದ ನಾನು ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಜಿಲ್ಲೆಯ ಮಕ್ಕಳ ಕಥೆ-ಕವಿತೆ ಸ್ಪರ್ಧೆಗೆ ಹನ್ನೊಂದು ವರ್ಷಗಳಿಂದ ನಾನು ತೀರ್ಪುಗಾರ್ತಿ. ಈ ವರ್ಷ ನನ್ನ ಜೊತೆಗಿದ್ದವರು ಪಾದ್ರಿಗಳ ಹೆಂಡತಿ ವಾಯೋಲಾ ಮತ್ತು ಊರಿನ ಮುಖಂಡರೂ ಶಾಲಾ ಸಮಿತಿಯ ಅಧ್ಯಕ್ಷರೂ ಆದ ಮಾನಾಲೋಸಿ. ಬಂದ ಬರಹಗಳು 62. ಹೆಸರಿಲ್ಲ, ಸಂಖ್ಯೆ ಮಾತ್ರ. ಒಟ್ಟು ಅಂಕ ಐವತ್ತು. ಅದರಲ್ಲಿ ಹತ್ತು ಆರಂಭದ ವಂದನೆಗೆ. ಸಭೆಯಲ್ಲಿ ಮಾತಿಗೆ ನಿಂತವರು ಮುಖಂಡರ ಪದವಿಗಳನ್ನೆಲ್ಲ ಕ್ರಮವಾಗಿ ಹೇಳಿ ವಂದಿಸಿದ ಮೇಲೆ ವಿಷಯಕ್ಕೆ ಬರುವಂತೆ, ನಮ್ಮ ಮಕ್ಕಳು ಹಂದಿಮರಿಯ ಬಗ್ಗೆ ಬರೆದರೂ ಮೊದಲ ಅರ್ಧ ಪುಟವನ್ನು ವಂದನೆಗೆ ಕೊಡುತ್ತಾರೆ. ಹಾಗೆ ಕಲಿಸಿದವರಲ್ಲಿ ನಾನೂ ಒಬ್ಬಳು.

ದಿನಾಂಕ 12-8-2019ರ ಸೋಮವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 3.30ರವರೆಗೆ ನಾನು 62ನ್ನೂ ಒಂದೊಂದು ಸಲ ಓದಿ ಮಗುಚಿ ಇಟ್ಟೆ. ಮರುದಿನ ಕಾಗದ ಮುಟ್ಟುವ ಮೊದಲು ಯಾವುದು ನೆನಪಿದೆ ಎಂದು ನೋಡಿಕೊಳ್ಳುವುದು ನನ್ನ ರೂಢಿ. ನೆನಪಾದವನ್ನು ಮಾತ್ರ ಎರಡನೇ ಸಲ ಓದುತ್ತೇನೆ. ಇದಕ್ಕಿಂತ ಒಳ್ಳೆಯ ಅಳತೆ ಇದ್ದೀತು, ನನಗೆ ಸಿಕ್ಕಿಲ್ಲ. 13ರ ಮಂಗಳವಾರ ಬೆಳಿಗ್ಗೆ ನೆನಪಿದ್ದವು ನಾಲ್ಕು. ಪೂರ್ತಿ ನೆನಪಿದ್ದದ್ದು ಒಂದು, ಸಂಖ್ಯೆ 31.

ಅದಕ್ಕೆ ವಂದನೆ ಇರಲಿಲ್ಲ. ಮೊದಲ ಸಾಲು ಹೀಗಿತ್ತು: ‘ನಮ್ಮ ಮನೆಯ ಕಂಬ ಕಿತ್ತ ದಿನ ಅಜ್ಜಿ ತಲೆ ಬಾಚಿಕೊಳ್ಳುತ್ತಿದ್ದಳು, ಪೂರ್ತಿ ಬಾಚಿಕೊಂಡೇ ಎದ್ದಳು.’ ಊರಿನಿಂದ ಹೊರಹಾಕಿಸಿಕೊಂಡ ಮನೆಯೊಂದರ ಕಥೆ. ಕಂಬ ಕೀಳಿಸಲು ನಿಂತಿದ್ದ ಮುಖಂಡನೊಬ್ಬ ನೀರು ಕೇಳುತ್ತಾನೆ, ಅಜ್ಜಿ ಕೊಡುತ್ತಾಳೆ, ಅವನು ಕುಡಿದು ಉಪಕಾರವಾಯಿತು ಎನ್ನುತ್ತಾನೆ. ಅಷ್ಟೇ. ಯಾರೂ ಅಳುವುದಿಲ್ಲ. ಎರಡು ಪುಟ. ವಂದನೆಗೆ ಸೊನ್ನೆ ಹಾಕಿದೆ, ಏಕೆಂದರೆ ನಿಯಮ ನಿಯಮವೇ. ಉಳಿದ ನಲವತ್ತಕ್ಕೆ ನಲವತ್ತು ಹಾಕಿದೆ. ನಾನೇ ಕಲಿಸಿದ ಅರ್ಧ ಪುಟವನ್ನು ಬಿಟ್ಟುಬಿಟ್ಟವಳಿಗೆ ಮೊದಲ ಸ್ಥಾನ ಕೊಡುವಾಗ ನನ್ನ ವಿರುದ್ಧವೇ ತೀರ್ಪು ಬರೆಯುತ್ತಿದ್ದೇನೆ ಎಂಬುದು ತಿಳಿದಿತ್ತು. ಮೊದಲ ಸ್ಥಾನದ ಬರಹವನ್ನು ಬಹುಮಾನದ ದಿನ, ಅಂದರೆ 16ರ ಶುಕ್ರವಾರ, ಎಲ್ಲ ಊರುಗಳವರ ಮುಂದೆ ತೀರ್ಪುಗಾರರು ಓದುವುದು ವಾಡಿಕೆ.

13ರ ಮಂಗಳವಾರವೇ ಬೆಳಿಗ್ಗೆ 10.20ಕ್ಕೆ ಶಾಲೆಯಲ್ಲಿ ಮೂವರೂ ಚಾಪೆಯ ಮೇಲೆ ಕೂತೆವು. ನಡುವೆ ಕೋಕೋ ಇತ್ತು, ತೆಂಗಿನಹಾಲಿನ ಬನ್ನುಗಳಿದ್ದವು. ಅವರವರ ಮಾತನ್ನು ಅವರಂದಂತೆಯೇ ಬರೆದುಕೊಳ್ಳಲು ಕೋರುತ್ತೇನೆ. ಮಾನಾಲೋಸಿಯವರು 31ನ್ನು ಎರಡು ಸಲ ಓದಿದರು.

“ಇದು ಊರಿನ ಮುಂದೆ ಬಟ್ಟೆ ಇಲ್ದೆ ಬಂದು ನಿಂತ ಹಾಗಿದೆ,” ಎಂದರು. “ಒಂದು ನಮಸ್ಕಾರ ಇಲ್ಲ, ಏನಿಲ್ಲ.”

“ಹೋಗ್ಲಿ ಬಿಡಿ ಯಜಮಾನ್ರೇ,” ಎಂದರು ವಾಯೋಲಾ. “ನಮ್ಮನೆಯವರು ವಂದನೆ ಮುಗಿಸೋ ಹೊತ್ತಿಗೆ ಅರ್ಧ ಚರ್ಚು ಗೊರಕೆ ಹೊಡೀತಿರುತ್ತೆ. ಈ ಮಗು ಎಚ್ಚರ ಇದ್ದಾಗ್ಲೇ ಹೇಳಿದೆ.”

“ಮಗುವಂತೆ! ಯಾರ ಮನೆ ಮಗು ಅಂತ ನಂಗೊತ್ತಿಲ್ವಾ?”

ನನಗೆ ಗೊತ್ತಿಲ್ಲ, ಮೂವತ್ತೊಂದು ಎಂದಷ್ಟೇ ಗೊತ್ತು ಎಂದು ನಾನು ಹೇಳಿದೆ. ಅದು ಸುಳ್ಳು. ನಮ್ಮ ಊರಿನಿಂದ ಹೊರಹಾಕಲ್ಪಟ್ಟ ಮನೆ ಒಂದೇ. ಕೆಲಸ ನಿಷಿದ್ಧವಾದ ಭಾನುವಾರ ಮೀನು ಹಿಡಿದನೆಂದು ಎರಡು ವರ್ಷದ ಹಿಂದೆ ಆಪೆಲುವನ್ನು ಮುಖಂಡರ ಸಭೆ ಹೊರಗೆ ಕಳಿಸಿತು. ಈಗ ಅವನು 9 ಕಿ.ಮೀ. ದೂರದ ವಾಯ್ತಾಸೆಯಲ್ಲಿ ಹೆಂಡತಿಯ ತಮ್ಮನ ಮನೆಯ ಹಿಂದೆ ಇದ್ದಾನೆ. ಅವನ ಮೊಮ್ಮಗಳು ಸೆಫಿನಾ, ವಯಸ್ಸು 14.

ಆಗ ಮಾನಾಲೋಸಿಯವರು, ಯಾರೂ ಕೇಳದಿದ್ದರೂ, “ಅದೂ ಅಲ್ದೆ ಇದು ಸುಳ್ಳು,” ಎಂದರು. “ನಾನು ಉಪಕಾರ ಗಿಪಕಾರ ಏನೂ ಅಂದೇ ಇಲ್ಲ.”

ವಾಯೋಲಾ ಬನ್ನಿನ ತಟ್ಟೆಯನ್ನು ಎಡಗಡೆಯಿಂದ ಬಲಗಡೆಗೆ ಸರಿಸಿದರು. ಕಥೆಯ ಮುಖಂಡನಿಗೆ ಹೆಸರಿಲ್ಲ ಎಂದು ನಾನು ಹೇಳಿದೆ. ಮಾನಾಲೋಸಿಯವರ ಮುಖ ಕೆಂಪಾಯಿತು. ಕೆಂಪು ಪೆನ್ನು ತೆಗೆದು ನನ್ನ ನಲವತ್ತನ್ನು ಹೊಡೆದುಹಾಕಿ ಸೊನ್ನೆ ಬರೆದರು. ಇದು ಶುಕ್ರವಾರ ಓದಲಿಕ್ಕಲ್ಲ, ಕಲ್ಲೊಲೆ ಹಚ್ಚಲಿಕ್ಕೆ ಎಂದರು. ಆ ನಂತರ ನಾನು ಆ ಎರಡು ಪುಟಗಳನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ. ಕಸಿದುಕೊಂಡೆ ಎಂದು ಅವರು ಕೊಟ್ಟ ದೂರಿನಲ್ಲಿದೆ. ಕಸಿಯಲಿಲ್ಲ. ಅವರು ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು.

“ತೆಲೇಸಿಯಾ, ಓಡಬೇಡ, ನಡ್ಕೊಂಡು ಹೋಗು,” ಎಂದು ವಾಯೋಲಾ ಹಿಂದಿನಿಂದ ಕೂಗಿದರು. “ಓಡಿದ್ರೆ ಕಳ್ಳಿ ಅಂತಾರೆ.”

ನಡೆದೇ ಹೋದೆ. ಶಾಲೆಯಿಂದ ನನ್ನ ಮನೆ 1,200 ಮೀಟರ್. ತಲುಪಿದಾಗ 11.05.

ಇಂದು, 14ರ ಬುಧವಾರ, ಬೆಳಿಗ್ಗೆ 6.10ಕ್ಕೆ ವಾಯೋಲಾ ಬಂದು, ಕಥೆಯ ಸುದ್ದಿ ರಾತ್ರಿಯೇ ವಾಯ್ತಾಸೆಗೆ ಮುಟ್ಟಿ ಆಪೆಲುವೂ ಮೊಮ್ಮಗಳೂ ಮಾನಾಲೋಸಿಯವರ ಮನೆಯ ಮುಂದೆ ಕ್ಷಮೆಗೆ ಕೂತಿದ್ದಾರೆ ಎಂದರು. ನಾನು ಹೋಗಿ ರಸ್ತೆಯಂಚಿನಲ್ಲಿ, ಅವರಿಂದ ಮೂವತ್ತು ಹೆಜ್ಜೆ ದೂರದಲ್ಲಿ ನಿಂತೆ. ಇಬ್ಬರ ತಲೆಯ ಮೇಲೂ ನಯವಾಗಿ ಹೆಣೆದ ಒಂದೇ ಚಾಪೆ. ಒಳಗಿನವರು ಬಂದು ಅದನ್ನು ಎತ್ತುವ ತನಕ ಏಳುವಂತಿಲ್ಲ. ಕೊಲೆಯಾದಾಗ ಹೀಗೆ ಕೂತವರನ್ನು ಒಮ್ಮೆ ಕಂಡಿದ್ದೇನೆ, ಲಾರಿ ಹರಿದು ಮಗು ಸತ್ತಾಗ ಒಮ್ಮೆ. ಒಂದು ಕಥೆಗಾಗಿ ಕೂತವರನ್ನು ಕಂಡದ್ದು ಇದೇ ಮೊದಲು. ಚಾಪೆಯ ಹೊರಗೆ ಹುಡುಗಿಯ ಒಂದು ಪಾದ ಕಾಣುತ್ತಿತ್ತು. ಕಾಲಿಗೆ ಇರುವೆ ಹತ್ತಿತ್ತು. ಅವಳು ಕೊಡವಲಿಲ್ಲ.

8.15ಕ್ಕೆ ಮಾನಾಲೋಸಿಯವರು ಹೊರಗೆ ಬಂದು ಚಾಪೆ ಎತ್ತಿದರು. ಆಪೆಲು ಊರಿಗೆ ವಾಪಸು ಬರಬಹುದು, ಹುಡುಗರು ಬಂದು ಕಂಬ ನೆಟ್ಟುಕೊಡುತ್ತಾರೆ, ಕಥೆಯನ್ನು ಮಾತ್ರ ಎಲ್ಲೂ ಓದಬಾರದು ಎಂದರು. ಆಪೆಲು “ಆಗ್ಲಿ, ಆಗ್ಲಿ” ಎಂದು ಎಂಟೋ ಒಂಬತ್ತೋ ಸಲ ಹೇಳಿದ.

ಆಮೇಲೆ ಮಾನಾಲೋಸಿಯವರು ನನ್ನ ಕಡೆ ತಿರುಗಿದರು. “ಟೀಚರಮ್ಮ, ಎಲ್ಲಾ ಸರಿಹೋಯ್ತು. ಆ ಕಾಗದ ತಂದ್ಕೊಡಿ.”

“ಕ್ಷಮೆ ಕೇಳಿದೋರು ಅವರು,” ಎಂದೆ. “ಅಂಕ ಕೊಟ್ಟೋಳು ನಾನು. ನಾನು ಕೇಳಿಲ್ಲ.”

“ಒಂದು ಮನೆ ಮತ್ತೆ ಏಳ್ತಾ ಇದೆ. ನಿಮಗೆ ನಿಮ್ಮ ನಲವತ್ತೇ ದೊಡ್ಡದಾಯ್ತಾ?”

ಅಷ್ಟರಲ್ಲಿ ಸೆಫಿನಾ ಎದ್ದು, “ಮಿಸ್, ನಂಗೆ ಎಷ್ಟು ಬಂತು?” ಎಂದಳು. ಅಜ್ಜ ಅವಳ ತೋಳು ಚಿವುಟಿದ. ಬಹುಮಾನದ ದಿನಕ್ಕೆ ಮೊದಲು ಅಂಕ ಹೇಳುವುದು ನಿಯಮಕ್ಕೆ ವಿರುದ್ಧ. ಹನ್ನೊಂದು ವರ್ಷಗಳಲ್ಲಿ ನಾನು ಮುರಿದ ನಿಯಮ ಇದೊಂದೇ.

“ನಲವತ್ತು,” ಎಂದೆ, ಬೇಲಿಯ ಆಚೆ ನಿಂತವರಿಗೂ ಕೇಳುವಂತೆ. “ಎರಡನೆಯವರಿಗೆ ಮೂವತ್ತೇಳು.”

ಗಂಟೆ ಎಷ್ಟೆಂದು ಕೇಳಿ ತಿಳಿದುಕೊಂಡವಳಂತೆ ಅವಳು ತಲೆಯಾಡಿಸಿದಳು. ಮಾನಾಲೋಸಿಯವರು 10 ಗಂಟೆಗೆ ಈ ಠಾಣೆಗೆ ಬಂದು ನನ್ನ ಮೇಲೆ ಕಳ್ಳತನದ ದೂರು ಕೊಟ್ಟರು.

ಪುಟಗಳು ಎಲ್ಲಿವೆ ಎಂದು ಸಾರ್ಜೆಂಟ್ ಕೇಳಿದ್ದಾರೆ. ನನ್ನ ಮನೆಯಲ್ಲಿವೆ. ಬಚ್ಚಿಟ್ಟಿಲ್ಲ, ಕೊಡುವುದೂ ಇಲ್ಲ. ಹುಡುಕಿ ಒಯ್ದರೆ ಒಯ್ಯಲಿ, ನನಗೆ ಎರಡೂ ಪುಟ ಬಾಯಿಪಾಠವಾಗಿವೆ. ಅದನ್ನು ಯಾವ ಕಾನೂನಿನಡಿ ವಶಪಡಿಸಿಕೊಳ್ಳುತ್ತೀರಿ ಎಂದು ಕೇಳಿದೆ. ಇದನ್ನು ಬರೆಯಬೇಕಾಗಿಲ್ಲ ಎಂದರು. ಬರೆಯಲೇಬೇಕು ಎಂದೆ. ಬರೆದಿದ್ದಾರೆ.

ಮೇಲಿನದನ್ನೆಲ್ಲ ನನಗೆ ಓದಿ ಹೇಳಲಾಗಿದೆ. ನಾನು ಹೇಳಿದ್ದು ಇದನ್ನೇ, ನಡೆದದ್ದೂ ಹೀಗೆಯೇ. ಯಾರ ಒತ್ತಾಯವೂ ಇಲ್ಲ, ತಿದ್ದುವಂಥದ್ದೂ ಇಲ್ಲ, ಅಂಕವೂ ಸೇರಿದಂತೆ.

ಸ್ಥಳ: ಫಾಲೆಮಾಲು ಪೊಲೀಸ್ ಹೊರಠಾಣೆ
ದಿನಾಂಕ: 14-8-2019, ಮಧ್ಯಾಹ್ನ 12.40
ಸಹಿ: ತೆಲೇಸಿಯಾ ಮಾನುಲೆಲಿ

ಸಹಿಯ ಕೆಳಗೆ ಸೇರಿಸಲು ಅನುಮತಿ ಪಡೆದದ್ದು: ಅಂಕ ನನ್ನದು, ಅದರ ಬಗ್ಗೆ ಯಾರನ್ನೂ ಕೇಳಬೇಕಾಗಿಲ್ಲ. ಕಥೆ ನನ್ನದಲ್ಲ. ಸೆಫಿನಾ, ಶುಕ್ರವಾರ ನಾನು ಎದ್ದು ನಿಂತಾಗ ಅದನ್ನು ಓದಲೇ?