ಏಳನೇ ನಂಬರಿನ ರೋಬೋಟು

ಕರಿಬಸವ ರೋಬೋಟು ಕದ್ದ, ಅಜ್ಜ ಅವನನ್ನು ಬಾವಿಯಲ್ಲಿ ಹಿಡಿದರು. 2006ರ ಎಪ್ರಿಲಿನಲ್ಲಿ ಕಾಪುವಿನ ನಮ್ಮ ಕಡೆ ಎಲ್ಲರೂ ನಂಬಿದ್ದು ಇಷ್ಟು. ಅಜ್ಜ ಅಂದರೆ ಕೊರಗಜ್ಜ, ಕಳೆದದ್ದನ್ನು ಹುಡುಕಿಕೊಡುವ ದೈವ. ನನ್ನ ದೊಡ್ಡಮ್ಮನ ಮಗಳು ಯಶ್ಮಿತಾ ಮಾತ್ರ ಇದರಲ್ಲಿ ಅರ್ಧವನ್ನು ನಂಬಿರಲಿಲ್ಲ. ಅಜ್ಜ ಹಿಡಿದರು ಎಂಬ ಅರ್ಧ. ಕದ್ದ ಎಂಬ ಅರ್ಧವನ್ನು ಎಲ್ಲರಿಗಿಂತ ಮೊದಲು ಹೇಳಿದವಳೇ ಅವಳು.

ಕರಿಬಸವ ಸತ್ತು ಹತ್ತು ದಿನವಾಗಿತ್ತು. ಆ ರಾತ್ರಿ ಯಶ್ಮಿತಾ ಮಣಿಪಾಲದಿಂದ ಕೊನೆಯ ಬಸ್ಸಿಗೆ ಬಂದಳು. ಅಲ್ಲಿ ಒಂದು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಹೆದ್ದಾರಿಯಲ್ಲಿ ಇಳಿದರೆ ಮನೆಗೆ ಹತ್ತು ನಿಮಿಷದ ನಡಿಗೆ. ಮೊದಲು ಆಲದ ಮರ, ಅದರ ಬುಡದಲ್ಲಿ ಅಜ್ಜನ ಕಟ್ಟೆ. ಎದುರಿಗೆ ಅಮ್ಮಣ್ಣಿಯ ಗೂಡಂಗಡಿ. ಅಮ್ಮಣ್ಣಿ ಮಗಳ ಬಾಣಂತನಕ್ಕೆಂದು ಮಟ್ಟುವಿಗೆ ಹೋಗಿದ್ದರಿಂದ ಅಂಗಡಿಗೆ ಬೀಗ ಬಿದ್ದು ಎರಡು ವಾರ ಆಗಿತ್ತು. ಆಮೇಲೆ ರಸ್ತೆಗೆ ತಾಗಿ ಮನೆಯ ಬಾವಿ. ಕರೆಂಟು ಹೋಗಿತ್ತು. ಗಾಳಿ ಇರಲಿಲ್ಲ... ಸಮುದ್ರದ ಸದ್ದು ಮಾತ್ರ, ದೂರದಲ್ಲಿ ಯಾರೋ ಗೋಣಿ ಎಳೆದ ಹಾಗೆ.

ಬಾವಿಯ ಹತ್ತಿರ ಬಂದಾಗ ಕೇಳಿತು.

ಟಕ್... ಟಕ್... ಕ್ರ್... ಟಕ್.

ನಿಂತಳು. ಹಲ್ಲಿ ಅಲ್ಲ, ಹಲ್ಲಿಗೆ ಅಷ್ಟು ತಾಳ್ಮೆ ಇಲ್ಲ. ರಾಟೆ ಅಲ್ಲ, ರಾಟೆಯಿಂದ ಹಗ್ಗವನ್ನೇ ಬಿಚ್ಚಿಯಾಗಿತ್ತು. ಸದ್ದು ಕೆಳಗಿನಿಂದ ಬರುತ್ತಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ... ಮತ್ತೆ ಅದೇ ನಾಲ್ಕು.

ಹೆದರಿಕೆ ಆಗಬೇಕಿತ್ತು. ಆದದ್ದು ಸಿಟ್ಟು. ಯಾಕೆಂದರೆ ಆ ಸದ್ದು ಎಂತದ್ದೆಂದು ಲೋಕದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಅದು ಅವಳ ಏಳನೇ ನಂಬರಿನ ರೋಬೋಟಿನ ಎಡಗೈ.

ಯಶ್ಮಿತಾಳ ಹತ್ತಿರ ಅಂಥ ಹದಿನಾಲ್ಕು ಇದ್ದವು. ಜಪಾನಿನ ಕಾರ್ಟೂನುಗಳಲ್ಲಿ ಬರುತ್ತವಲ್ಲ, ತೆಂಗಿನ ಮರ ಮೊಣಕಾಲಿಗೆ ಬರುವಷ್ಟು ಎತ್ತರದ ಯಂತ್ರಗಳು, ಎದೆಯೊಳಗೆ ಒಬ್ಬ ಮನುಷ್ಯ ಕೂತು ನಡೆಸುವಂಥವು. ಅವುಗಳ ಗೇಣುದ್ದದ ರೂಪ. ಹಾಸ್ಟೆಲಿನಲ್ಲಿ ಗೆಳತಿಯರು ಸಿ.ಡಿ.ಯಲ್ಲಿ ಹಂಚಿಕೊಂಡ ಕಾರ್ಟೂನುಗಳಿಂದ ಹಿಡಿದ ಹುಚ್ಚು. ತಂದೆ ಸುಂದರ ದುಬೈಯಿಂದ ಬರುವಾಗ ನಮಗೆಲ್ಲ ಸೆಂಟು ತಂದರೆ ಅವಳಿಗೆ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ರೋಬೋಟು ಇರುವುದಿಲ್ಲ. ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ಇನ್ನೂರು, ಮುನ್ನೂರು ತುಂಡುಗಳಿರುತ್ತವೆ. ಒಂದೊಂದನ್ನೇ ಕಟ್ಟರಿನಿಂದ ಬಿಡಿಸಿ, ಅಂಚು ಉಜ್ಜಿ, ಕೂಡಿಸಬೇಕು. ಏಳನೆಯದನ್ನು ಕೂಡಿಸುವಾಗ ಭುಜದೊಳಗಿನ ಹಲ್ಲುಗಳಲ್ಲಿ ಒಂದನ್ನು ಅವಳ ಕಟ್ಟರು ಹಾರಿಸಿತ್ತು. ಹಾಗಾಗಿ ಕೈ ಎತ್ತಿದರೆ ಮೂರನೆಯ ಟಕ್ ಬರುವುದಿಲ್ಲ, ಕ್ರ್ ಎನ್ನುತ್ತದೆ. ಎದೆಯ ಬಾಗಿಲೂ ಸಡಿಲವಾಗಿತ್ತು. ಅಕ್ಕಿಕಾಳಿನಷ್ಟಿದ್ದ ಚಾಲಕನನ್ನು ಒಳಗಿನ ಕುರ್ಚಿಯಲ್ಲಿ ಕೂರಿಸಿ, ಬಾಗಿಲಿಗೆ ಅಂಟು ಹಾಕಿ ಮುಚ್ಚಿಬಿಟ್ಟಿದ್ದಳು.

ಮನೆಗೆ ಆಗ ಮಹಡಿ ಏರಿಸುತ್ತಿದ್ದರು. ಕಲ್ಲು ಹೊರಲು ಬಂದಿದ್ದವನು ಬಾಗಲಕೋಟೆ ಕಡೆಯ ಕರಿಬಸವ. ಅವನೂ ಹೆಂಡತಿ ದ್ರಾಕ್ಷಾಯಿಣಿಯೂ ಬಾವಿಯ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದರು. ಬಾವಿಗೆ ಬಿದ್ದ ಕೊಡ, ಹಗ್ಗ ತೆಗೆಯುವುದಿದ್ದರೆ ಇಳಿಯುತ್ತಿದ್ದವನು ಅವನೇ. ಒಂದು ದಿನ ಕಿಟಕಿಯಿಂದ ರೋಬೋಟುಗಳ ಶೋಕೇಸು ನೋಡುತ್ತಾ ನಿಂತಿದ್ದ.

"ಅಕ್ಕಾರ, ಇದು ಯಾವ ದೇವ್ರು?"

"ದೇವರಲ್ಲ, ಯಂತ್ರ. ಒಳಗೆ ಒಬ್ಬ ಮನುಷ್ಯ ಇದ್ದಾನೆ."

ಕರಿಬಸವ ಸರಳುಗಳ ನಡುವೆ ಮುಖ ಇಟ್ಟು ಏಳನೆಯದರ ಎದೆಯನ್ನು ನೋಡಿದ. "ಬಾಗ್ಲಾ ಮುಚ್ಚೀರಲ್ರೀ. ಒಳಗಿನಾಂವಗ ಗಾಳಿ ಹೆಂಗ?"

ಇದನ್ನು ಅವಳು ಮಣಿಪಾಲದಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದಳು.

ಒಂದು ಶುಕ್ರವಾರ ಕಾರ್ಕಳದಿಂದ ಹೆಣ್ಣು ನೋಡಲು ಬರುವವರಿದ್ದರು. "ಇಪ್ಪತ್ತಾರು ವರ್ಷದ ಹುಡುಗಿ ಗೊಂಬೆ ಜೋಡಿಸ್ತಾಳೆ ಅಂತ ಅವರಿಗೆ ಗೊತ್ತಾಗುವುದು ಬೇಡ" ಎಂದು ತಾಯಿ ಕುಶಲಾ ಹದಿನಾಲ್ಕನ್ನೂ ತಾನೇ ತೆಗೆದು ಪೆಟ್ಟಿಗೆಗೆ ಹಾಕಿ, ಕರಿಬಸವನ ಕೈಯಲ್ಲಿ ಅಟ್ಟಕ್ಕೆ ಹೊರಿಸಿದಳು. ಕಾರ್ಕಳದವರು ಎಳನೀರು ಕುಡಿದು ಹೋದರು, ಮತ್ತೆ ಸುದ್ದಿ ಇಲ್ಲ. ಸಂಜೆ ಪೆಟ್ಟಿಗೆ ಇಳಿಸಿದಾಗ ಹದಿಮೂರು ಇದ್ದವು.

ಕುಶಲಾ ಆ ರಾತ್ರಿಯೇ ಅಜ್ಜನಿಗೆ ಹೇಳಿಕೊಂಡಳು. ಚಕ್ಕುಲಿ, ವೀಳ್ಯ, ಒಂದು ಕುಪ್ಪಿ ಶೇಂದಿ. ಇದು ಕೊಡುವುದು ವಸ್ತು ಸಿಕ್ಕಿದ ಮೇಲೆ. ಸಿಗುವ ಮೊದಲು ಕೊಡುವ ಕ್ರಮ ಇಲ್ಲ, ಸಿಕ್ಕಿದ ಮೇಲೆ ತಡ ಮಾಡುವ ಕ್ರಮವೂ ಇಲ್ಲ. ಯಶ್ಮಿತಾಳಿಗೆ ಅಷ್ಟು ಕಾಯುವ ವ್ಯವಧಾನ ಇರಲಿಲ್ಲ. ಶನಿವಾರ ಬೆಳಿಗ್ಗೆ ಮೇಸ್ತ್ರಿ ಬೀರಪ್ಪನನ್ನು ಕರೆದು ಹೇಳಿದಳು, "ಪೆಟ್ಟಿಗೆ ಮುಟ್ಟಿದ್ದು ಅವನೊಬ್ಬನೇ."

ಬೀರಪ್ಪ ಎಲ್ಲರ ಎದುರಿಗೆ ಹೊಡೆದ. ಒದ್ದೆ ಬಟ್ಟೆ ಕಲ್ಲಿಗೆ ಬಿದ್ದ ಸದ್ದು.

"ಆ ಗೊಂಬಿ ತಗೊಂಡ್ ನಾ ಏನ್ ಮಾಡ್ಲಿ, ಅಕ್ಕಾರ?" ಎಂದ ಕರಿಬಸವ. ಬೀರಪ್ಪನಿಗಲ್ಲ, ಅವಳಿಗೆ.

"ಪೊಲೀಸರೆಲ್ಲ ಬೇಡ" ಎಂದಳು ಯಶ್ಮಿತಾ. "ಕಳಿಸಿ ಸಾಕು." ತಾನು ದೊಡ್ಡ ಮನಸ್ಸು ಮಾಡಿದೆ ಎಂದೇ ಅಂದುಕೊಂಡಿದ್ದಳು.

ಕಳ್ಳನೆಂದು ಹೆಸರು ಬಿದ್ದವನಿಗೆ ಕಾಪುವಿನಲ್ಲಿ ಕೆಲಸ ಸಿಗಲಿಲ್ಲ. ಬುಧವಾರ ಹೆಜಮಾಡಿಯಲ್ಲಿ ಒಂದು ಹಾಳು ಬಾವಿಯ ಕೆಸರು ತೆಗೆಯಲು ಇಳಿದ. ಬೇರೆ ಯಾರೂ ಒಪ್ಪದ ಕೆಲಸ. ಇಂಥ ಬಾವಿಗೆ ಮೊದಲು ಉರಿಯುವ ದೀಪ ಇಳಿಸಿ ನೋಡುತ್ತಾರೆ. ದೀಪ ಆರಿದರೆ ಕೆಳಗೆ ಗಾಳಿ ಇಲ್ಲವೆಂದು ಲೆಕ್ಕ. ಅಲ್ಲಿ ಯಾರೂ ಇಳಿಸಿರಲಿಲ್ಲ. ಕರಿಬಸವ ಹಗ್ಗವನ್ನು ಎರಡು ಸಲ ಜಗ್ಗಿದನಂತೆ. ಆಮೇಲೆ ಜಗ್ಗಲಿಲ್ಲ.

ಕಳ್ಳನಿಗೆ ಅಜ್ಜ ತೋರಿಸಿದ ಕಾರಣಿಕ ಎಂದರು ಎಲ್ಲರೂ. ಒಂದು ಪ್ಲಾಸ್ಟಿಕ್ ಗೊಂಬೆಗಾಗಿ ಒಬ್ಬನನ್ನು ಉಸಿರುಗಟ್ಟಿಸುವ ದೈವವನ್ನು ಇವರು ಮನೆಯೊಳಗೆ ಹೇಗೆ ನಂಬಿಕೊಂಡಿದ್ದಾರೆ ಎಂದು ಯಶ್ಮಿತಾ ಕೇಳಿದಳು. ಕುಶಲಾ ಬಾವಿಯ ಹಗ್ಗ ಬಿಚ್ಚಿಟ್ಟು, ಇನ್ನು ನಳ್ಳಿ ನೀರೇ ಸಾಕು ಎಂದಳು.

ಸದ್ದು ಕೇಳಿದ ಆ ರಾತ್ರಿ ಯಶ್ಮಿತಾ ಮನೆಗೆ ಬಂದಾಗ ತಾಯಿ ಕತ್ತಲೆಯಲ್ಲಿ ಎದ್ದು ಕೂತಿದ್ದಳು.

"ಬಾವಿಯಲ್ಲಿ ಎಂತದೋ ಉಂಟು, ಅಮ್ಮ."

"ಮೆಲ್ಲ ಮಾತಾಡು... ಬಾಗಿಲು ಹಾಕು ಮೊದಲು."

"ನಿಮಗೂ ಕೇಳ್ತದಾ?"

"ಮೂರು ರಾತ್ರಿ ಆಯ್ತು." ಕುಶಲಾ ಪಿಸುಗುಟ್ಟಿದಳು. "ಅವನ ಕುಲೆ. ಉಳಿದದ್ದನ್ನೂ ಕೇಳ್ಲಿಕ್ಕೆ ಬಂದದ್ದು. ಹದಿಮೂರನ್ನೂ ಸಮುದ್ರಕ್ಕೆ ಹಾಕುವ."

"ಸತ್ತವನ ಪ್ರೇತ ಬಾವಿಯಲ್ಲಿ ಕೂತು ಗೊಂಬೆಯ ಕೈ ಎತ್ತುತ್ತಾ ಉಂಟಾ?"

"ಬಗ್ಗಿ ನೋಡಿದ್ಯಾ?"

"ಇಲ್ಲ."

"ನೋಡಬೇಡ" ಎಂದಳು ತಾಯಿ. ಅದು ಬೇಡಿಕೊಂಡ ಹಾಗಿತ್ತು.

ಕಿಟಕಿ ಮುಚ್ಚಿದ್ದರೂ ಬಂತು. ಟಕ್... ಟಕ್... ಕ್ರ್... ಟಕ್. ಮಲಗಿದಲ್ಲೇ ಅವಳು ಮೂರನೆಯದಕ್ಕೆ ಕಾಯುತ್ತಿದ್ದಳು. ಪ್ರತಿ ಸಲವೂ ಅದು ತಪ್ಪುತ್ತಿತ್ತು.

ಬೆಳಿಗ್ಗೆ ಗೇಟಿನಲ್ಲಿ ದ್ರಾಕ್ಷಾಯಿಣಿ ನಿಂತಿದ್ದಳು, ಜೊತೆಗೆ ಊರಿಂದ ಬಂದಿದ್ದ ಗಂಡನ ಅಣ್ಣ ಮಲಕಪ್ಪ. ಸಂಜೆ ಬಸ್ಸಿಗೆ ಊರಿಗೆ ಹೋಗುವವರು. ದ್ರಾಕ್ಷಾಯಿಣಿ ಅಳಲಿಲ್ಲ.

"ಬೀರಪ್ಪ ನನಗ ಕೆಲಸಾ ಕೊಡೂದಿಲ್ಲಂದ. ಕಳ್ಳನ ಹೇಣ್ತಿ ಅಂತಾನ. ಅಂವನೂ ನಮ್ಮೂರಾಂವನ ಅದಾನ್ರೀ, ನಾಳೆ ಊರಾಗೂ ಹೇಳ್ತಾನ. ನೀವು ಒಂದ್ ಮಾತ್ ಅಂದ್ರ ಸಾಕು, ಅಂವ ಕದ್ದಿಲ್ಲಂತ."

"ಅದು ಸಿಕ್ಕಿದ್ದರೆ ಹೇಳುತ್ತಿದ್ದೆ" ಎಂದಳು ಯಶ್ಮಿತಾ. "ಸಿಕ್ಕಿಲ್ಲವಲ್ಲ."

ಹೇಳಿದ ಮೇಲೆ ತನ್ನ ದನಿಯೇ ಅವಳಿಗೆ ಹೇಸಿಗೆಯಾಯಿತು. ಬಾವಿಯ ಕಡೆ ತಿರುಗಿದಳು. "ಇದರೊಳಗೆ ಇಳಿದು ನೋಡುತ್ತೀರಾ?"

"ನನ್ನ ತಮ್ಮನ್ನ ಕಳ್ಳ ಅಂದೋರ ಬಾವಿಗೆ ನಾ ಯಾಕ ಇಳೀಲಿ?" ಎಂದ ಮಲಕಪ್ಪ.

"ಇಳೀರಿ, ಭಾವಾರ" ಎಂದಳು ದ್ರಾಕ್ಷಾಯಿಣಿ. "ಸಿಕ್ರ ಅಂವನ ಹೆಸರು ತೊಳದಂಗ ಆಗ್ತದ."

ಮಲಕಪ್ಪ ಮೊದಲು ಬಕೆಟ್ಟಿನಲ್ಲಿ ಚಿಮಿಣಿ ದೀಪ ಇಟ್ಟು ಇಳಿಸಿದ. ಅದು ಕೆಳಗೆ ಹೋಗುವುದನ್ನು ದ್ರಾಕ್ಷಾಯಿಣಿ ಕಣ್ಣು ಮಿಟುಕಿಸದೆ ನೋಡಿದಳು. ದೀಪ ಆರಲಿಲ್ಲ. ಇಷ್ಟೇ ಕೆಲಸ. ಇಷ್ಟು ಮಾಡಲು ಹೆಜಮಾಡಿಯಲ್ಲಿ ಒಬ್ಬನಿಗೂ ಕೈ ಬಂದಿರಲಿಲ್ಲ.

ಕೆಳಗೆ ಸೊಂಟದ ಮಟ್ಟ ನೀರಿತ್ತು. ಸ್ವಲ್ಪ ಹೊತ್ತಿನ ಮೇಲೆ ಮಲಕಪ್ಪನ ದನಿ ಗುಂಯ್‌ಗುಟ್ಟಿತು. "ನೀರಾಗಿಲ್ಲ. ಕಲ್ಲಿನ ಗೂಡಿನ್ಯಾಗ ಐತಿ... ನಿಂತೈತಿ."

ನೀರಿಗಿಂತ ಒಂದು ಮೊಳ ಮೇಲೆ, ಕೆಂಪುಕಲ್ಲು ಬಿದ್ದು ಆದ ಗೂಡಿನಲ್ಲಿ ಏಳನೇ ನಂಬರಿನ ರೋಬೋಟು ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು. ಎಡಗೈ ಪೂರ್ತಿ ಮೇಲಕ್ಕಿತ್ತು. ಅಂಟು ಹಾಕಿದ್ದ ಎದೆಯ ಬಾಗಿಲು ತೆರೆದಿತ್ತು. ಕುರ್ಚಿ ಖಾಲಿ.

ಅಂಟು ನೀರಿಗೆ ಬಿಡುತ್ತದೆ ಎಂದು ನನಗೆ ತಿಳಿಹೇಳಿದವರಿದ್ದಾರೆ. ಬಿಡುತ್ತದೆ. ಆದರೆ ಅದರ ಮೈಮೇಲೆ ಇದ್ದದ್ದು ಧೂಳು.

ಅಷ್ಟರಲ್ಲಿ ನೆರೆಹೊರೆಯವರು ಸೇರಿದ್ದರು. ಪಕ್ಕದ ಮನೆಯ ನಳಿನಾಕ್ಷಿ ಅಲ್ಲಿಯೇ ತೀರ್ಪು ಕೊಟ್ಟಳು. "ಬಾವಿಗೆ ಇಳಿಯುತ್ತಿದ್ದವನು ಅವನೊಬ್ಬನೇ ಅಲ್ವಾ? ಆಮೇಲೆ ಒಯ್ಯುವ ಅಂತ ಮುಚ್ಚಿಟ್ಟದ್ದು. ಇನ್ನೆಂತ ಸಾಕ್ಷಿ ಬೇಕು?" ಎಲ್ಲರೂ ತಲೆಯಾಡಿಸಿದರು. ತೊಳೆಯಲೆಂದು ಇಳಿಸಿದ ಹೆಸರಿಗೆ ಇನ್ನಷ್ಟು ಕೆಸರು ಮೆತ್ತಿತು. ಮಲಕಪ್ಪ ಒದ್ದೆ ಲುಂಗಿ ಹಿಂಡುತ್ತಾ ಒಬ್ಬೊಬ್ಬರ ಮುಖವನ್ನೂ ನೋಡಿದ. ದ್ರಾಕ್ಷಾಯಿಣಿ ಹೊರಟಳು.

ಕುಶಲಾ ಹೊರಗೆ ಬಂದಿರಲಿಲ್ಲ. ಮಗಳು ರೋಬೋಟನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಾಗ ಒಂದೇ ಪ್ರಶ್ನೆ ಕೇಳಿದಳು. "ನೀರಿನಲ್ಲಿ ಅಲ್ಲ, ಮೇಲೆ ಇತ್ತಾ?"

"ಹೌದು. ಗೂಡಿನಲ್ಲಿ ನಿಂತಿತ್ತು."

ಕುಶಲಾ ಗೋಡೆಗೆ ಒರಗಿದಳು.

"ಸಿಕ್ಕಿತಲ್ಲ, ಅಜ್ಜನಿಗೆ ಕೊಡುವುದಿಲ್ವಾ?"

"ನಾಳೆ ನೋಡುವ."

ಅಜ್ಜನ ವಿಷಯದಲ್ಲಿ ಯಾವತ್ತೂ ನಾಳೆ ಎನ್ನದ ಹೆಂಗಸು. ಯಶ್ಮಿತಾಳಿಗೆ ತಲೆ ಕಾದುಹೋಯಿತು. ಮನುಷ್ಯನನ್ನು ಹೊಡೆಸುವಾಗ ಈ ಮನೆಯಲ್ಲಿ ಯಾರೂ ಒಂದು ದಿನ ಕಾಯಲಿಲ್ಲ, ಚಕ್ಕುಲಿ ಕೊಡಲು ಮುಹೂರ್ತ ಬೇಕು. ದೈವವನ್ನು ನಂಬದ ಅವಳು ಬರೀ ಹಟಕ್ಕೆ ಹರಕೆ ತೀರಿಸಲು ಹೊರಟಳು.

ಸಂಜೆ ಆರೂವರೆ. ಅಮ್ಮಣ್ಣಿ ಆ ಮಧ್ಯಾಹ್ನವಷ್ಟೇ ಮಟ್ಟುವಿನಿಂದ ಬಂದು ಅಂಗಡಿ ತೆರೆದಿದ್ದಳು. ಎದುರಿಗೆ ಆಲದ ಬೇರಿನ ಮೇಲೆ ದ್ರಾಕ್ಷಾಯಿಣಿ ಗಂಟು ಕಟ್ಟುತ್ತಾ ಕೂತಿದ್ದಳು. ಮಲಕಪ್ಪ ಬಸ್ಸು ನೋಡಲು ಹೆದ್ದಾರಿಗೆ ಹೋಗಿದ್ದ. ಗಂಟು ಬಿಗಿಯುವಾಗ ಅವಳ ಹಳೆಯ ಬಕೆಟ್ಟಿನ ಹಿಡಿ ಕಿರ್... ಕಿರ್... ಎನ್ನುತ್ತಿತ್ತು.

"ಅಜ್ಜನಿಗೆ ಚಕ್ಕುಲಿ ಕೊಡಿ, ಅಮ್ಮಣ್ಣಿಯಕ್ಕ. ಕಳೆದುಹೋದ ಗೊಂಬೆಗೆ ಅಮ್ಮ ಹೇಳಿಕೊಂಡಿದ್ದರು."

ಅಮ್ಮಣ್ಣಿ ಕೈ ಹಾಕಿದ್ದ ಡಬ್ಬಿಯಿಂದ ಕೈ ತೆಗೆದಳು. "ಒಂದು ಗೊಂಬೆಗೆ ಎಷ್ಟು ಸಲ ಕೊಡ್ತೀರಿ, ಮಾರಾಯ್ತಿ?"

"ಎಂತ?"

"ಕುಶಲಕ್ಕ ಕೊಟ್ಟಾಯ್ತಲ್ಲ. ನಾನು ಮಟ್ಟುವಿಗೆ ಹೊರಟು ಬೀಗ ಹಾಕ್ತಾ ಇದ್ದೆ, ಪುನಃ ತೆಗೆಸಿ ಚಕ್ಕುಲಿ ತೆಗೊಂಡ್ರು. ಮಗಳ ಗೊಂಬೆ ಅಕ್ಕಿ ಡಬ್ಬಿಯ ಹಿಂದೆ ಸಿಕ್ಕಿತು, ಪೆಟ್ಟಿಗೆಗೆ ತುಂಬುವಾಗ ಬಿದ್ದದ್ದಾಗಿರಬೇಕು ಅಂದ್ರು. ಅಜ್ಜನಿಗೆ ಬಾಕಿ ಇಡಬಾರದು ಅಂತ ಓಡಿಕೊಂಡು ಬಂದದ್ದು, ಪಾಪ."

ಬಕೆಟ್ಟಿನ ಹಿಡಿಯ ಸದ್ದು ನಿಂತಿತು.

"ಯಾವ ವಾರ?" ಕೇಳಿದ್ದು ಯಶ್ಮಿತಾ ಅಲ್ಲ. ದ್ರಾಕ್ಷಾಯಿಣಿ ಎದ್ದು ನಿಂತಿದ್ದಳು.

ಆ ಬಾವಿಯ ಸದ್ದನ್ನು ನಾನು ಕೇಳಿಲ್ಲ, ಕೇಳಿದವರ ಮಾತು ಹೇಳಿದೆ. ರೋಬೋಟನ್ನು ನೋಡಿದ್ದೇನೆ, ಯಶ್ಮಿತಾ ಅದರ ಬಾಗಿಲನ್ನು ಮತ್ತೆ ಮುಚ್ಚಿಲ್ಲ. ಉಳಿದದ್ದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಅಮ್ಮಣ್ಣಿ ಹೇಳಿದ ದಿನ ತಪ್ಪಿಲ್ಲ, ಮಗಳ ಬಾಣಂತನಕ್ಕೆ ಹೊರಟ ದಿನವನ್ನು ಯಾವ ತಾಯಿಯೂ ಮರೆಯುವುದಿಲ್ಲ. ಅದು ಆದಿತ್ಯವಾರ. ಕರಿಬಸವ ಹೆಜಮಾಡಿಯ ಬಾವಿಗೆ ಇಳಿದದ್ದು ಅದರ ನಂತರದ ಬುಧವಾರ.