ಬಾಯಿ ಮುಚ್ಚದ ಪೆಟ್ಟಿಗಿ

…ಹಂಗಲ್ರೋ ಹುಡುಗ್ರಾ, ಆ ಪೆಟ್ಟಿಗಿ ಮುಚ್ಚಳ ಸೊಟ್ಟ ಆಗೇತಿ ಅಂತ ಬಡಿಗ್ಯಾರನ್ನ ಕರಸಬ್ಯಾಡ್ರಿ, ಅದು ಹಂಗ ಇರಬೇಕು. ಯಾಕಂದ್ರ… ಕೂಡ್ರಿ, ಹೇಳ್ತೇನಿ. ಯುದ್ಧದ ಕಾಲ. ನಾ ಧಾರವಾಡದಾಗ ಕಾಲೇಜ ಮುಗಿಸಿ ದಾಂಡೇಲಿ ಕಟ್ಟಿಗಿ ಡಿಪೋದಾಗ ಕಾರಕೂನ ಆಗಿದ್ದೆ. ಯಾವ ದಿಮ್ಮಿ ಹಸೀದು, ಯಾವುದು ಒಣಗಿದ್ದು ಅಂತ ಬರಿಯೂದು ನನ್ನ ಕೆಲಸ, ಇದನ್ನ ನೆನಪಿಡ್ರಿ, ಮುಂದ ನಗಾಕ ಬೇಕಾಗತೈತಿ! ಸೇರಿ ಆರು ತಿಂಗಳಿಗೆ, ಅಲ್ಲಲ್ಲ ಏಳು, ಮಳಿ ಹತ್ತಿತ್ತಲ್ಲ, ಹಳಿಯಾಳದಾಗ ನಮ್ಮವ್ವ ತೀರಿಕೊಂಡ್ಳು. ಎರಡ ದಿನದ ಜ್ವರ. ನಾ ಹೋಗಿ ಮುಟ್ಟೂದ್ರಾಗ ಮಣ್ಣ ಮಾಡಿದ್ರು. ಎಲ್ಲಾರೂ ಅತ್ತು ಹಗುರಾಗಿದ್ರು, ನಾ ಅಳಲಿಲ್ಲ, ಕಲತಾಂವ ನೋಡ್ರಿ! ಅಕ್ಕ ಅವ್ವನ ಕೌದಿ ಮಡಚಿ ಕೊಟ್ಲು. "ತಮ್ಮಾ, ಅರಿವಿಗೂ ರೇಷನ್ ಬಂದೈತಿ, ಇದನ್ನ ಹೊಚ್ಚಗೋ."

ಹೊಚ್ಚಗೊಳ್ಳೂದು ಎಲ್ಲೀದು? ಅದರ ವಾಸನಿ, ಒಲಿ ಹೊಗಿ, ವಿಭೂತಿ, ಎಲಿ ಅಡಿಕಿ, ಖೋಲ್ಯಾಗ ಕಾಲಿಟ್ರ ಅವ್ವ ಕರದಂಗ ಆಗೂದು. ಕೂತಲ್ಲಿ ಕೂಡವಲ್ಲೆ, ನಿಂತಲ್ಲಿ ನಿಲ್ಲವಲ್ಲೆ. ಅಳತಿ ಮಾಡಿದ ದಿಮ್ಮೀನ ಮತ್ತ ಅಳತಿ ಮಾಡೂದು, ಉಂಡೇನೋ ಇಲ್ಲೋ ನೆನಪಿಲ್ಲ. ಕಡೀಕ ಬಡಿಗ್ಯಾರ ಮಾನಪ್ಪನ ಕಡೆ ಓಡಿದೆ. "ಒಂದ ಪೆಟ್ಟಿಗಿ ಮಾಡಿ ಕೊಡು, ಸೋಮವಾರಕ್ಕ ಬೇಕು." ಮಾನಪ್ಪ ಹಲಗಿ ಮ್ಯಾಲ ಕೈಯಾಡಿಸಿದ. "ಸಾಹೇಬ್ರ, ಇದು ಹಸಿ ಹಲಸು. ಒಳಗಿನ ನೀರು ಹೋಗಾಕ ಒಂದ ಬ್ಯಾಸಗಿ ಬೇಕ್ರಿ, ಇಲ್ಲಾಂದ್ರ ಬಾಗತೈತಿ. ಅಂಥಾದ್ದೇನ ಇಡ್ತೀರಿ, ಬಂಗಾರೇನ್ರಿ?" "ನಮ್ಮವ್ವನ ಕೌದಿ." "ಕೌದಿ ಹೊಚ್ಚಗೊಳ್ಳೂದ್ರೀಪಾ, ಕೀಲಿ ಹಾಕೂದಲ್ಲ!" "ಹೇಳಿದಷ್ಟು ಮಾಡೋ ಮಾರಾಯಾ!" ಅಂದೆ, ಹಸೀದು ಒಣಾದು ಬರಿಯೂ ಶಾಣ್ಯಾ!

ಮಾಡಿದ. ಕೌದಿ ಒಳಗ ಹಾಕಿ ಕೀಲಿ ಜಡದೆ, ಕೀಲಿಕೈ ಒಯ್ದು ಕಾಳಿ ನದಿಗೆ ಒಗದೆ. ತಿಳೀತೇನ್ರೋ, ನದಿಗೆ! ಇನ್ನ ಸಮಾಧಾನ ಆಗತೈತಿ ಅಂದ್ರ ಎಲ್ಲೀದು, ಮದಲ ಅವ್ವ ಕಣ್ಣಿಗೆ ಬೀಳತಿದ್ಲು, ಈಗ ಹುಡುಕಿದ್ರೂ ಸಿಗವಲ್ಲಳು. ಅವ್ವನ ಮಾರಿ ನೆನಸಾಕ ಹ್ವಾದ್ರ ಬರೇ ಪೆಟ್ಟಿಗಿ ಬರೂದು. ಇದು ಇನ್ನೂ ಕೆಟ್ಟ ನೋಡ್ರಿ. ನಕ್ಕರೂ ನಗಿ ಅಲ್ಲ, ಉಂಡರೂ ರುಚಿ ಅಲ್ಲ.

ದೀಪಾವಳಿ ಆತು, ಬಿಸಲು ಹತ್ತಿತು. ಒಂದಿನಾ ಮಧ್ಯಾಹ್ನ ಉಣ್ಣಾಕ ಬಂದು ಬಾಗಲಾ ತಗದೆ, ಒಲಿ ಹೊಗಿ, ವಿಭೂತಿ, ಎಲಿ ಅಡಿಕಿ! ನೋಡತೇನಿ, ಕೀಲಿ ಹಂಗ ಐತಿ, ಮುಚ್ಚಳ ಮಾತ್ರ ಬಿಲ್ಲಿನಂಗ ಬಾಗಿ ಒಂದ ಮೂಲಿ ಎದ್ದೈತಿ. ಸಂದಿನ್ಯಾಗ ಕೈ ಹಾಕಿದೆ, ಕೌದಿ ಚುಂಗು ಸಿಕ್ತು. ಅದನ್ನ ಹಿಡಕೊಂಡು, ಅವ್ವಾ ಅಂತ, ಏನ ಹೇಳಲಿ, ಸಣ್ಣ ಕೂಸಿನಂಗ ಅತ್ತೆ. ಡಿಪೋಕ್ಕ ಹೋಗಲಿಲ್ಲ. ಉಂಡ ರೊಟ್ಟಿ ಅವತ್ತ ರುಚಿ ಹತ್ತಿತು!

ಸುದ್ದಿ ತಿಳದು ಮಾನಪ್ಪ ಉಳಿ ತಗೊಂಡು ಬಂದ. "ಮುಚ್ಚಳ ಸರಿ ಮಾಡ್ಲೇನ್ರಿ?" "ಬ್ಯಾಡೋ ಮಾನಪ್ಪಾ, ಹಂಗ ಇರಲಿ." ನನ್ನ ಕೆಂಪು ಕಣ್ಣು ನೋಡಿ ನಕ್ಕ. "ಈಗ ಒಣಗಾಕ ಹತ್ತೀರಿ, ಸಾಹೇಬ್ರ."

ಅದಕ್ಕ ಹೇಳೂದು, ಹಸಿ ದುಃಖಕ್ಕ ಕೀಲಿ ಹಾಕಬಾರದು. ಅಳು ಬಂದ್ರ ಅತ್ತು ಬಿಡ್ರಿ, ಆಮ್ಯಾಲ ರೊಟ್ಟಿ ತಿನ್ರಿ. ಹಾಂ, ಮುಚ್ಚಳ ಮುಟ್ಟಬ್ಯಾಡ್ರಿ.